ಕ್ಲಿಯರ್ ಲೇಕಿನ ವಿಮಾನಪಾತ (೧೯೫೯): ಒಂದು ಕಾರಣವಿಚಾರ

೧. ಪೀಠಿಕೆ

ಒಂದು ಘಟನೆಯು ನಡೆಯಿತೇ ಎಂಬ ಪ್ರಶ್ನೆಯೂ ಅದು ಏತರಿಂದ ನಡೆಯಿತೆಂಬ ಪ್ರಶ್ನೆಯೂ ಒಂದೇ ಅಲ್ಲ. ಮೊದಲನೆಯದಕ್ಕೆ ಸಾಕ್ಷ್ಯವು ದೊರೆತರೆ ಸಾಕು. ಎರಡನೆಯದಕ್ಕೆ ದೊರೆತ ಸಾಕ್ಷ್ಯಗಳ ಬಲಾಬಲವನ್ನು ತೂಗಿ ನೋಡಬೇಕಾಗುತ್ತದೆ. ಶಾಸನಗಳ ಕಾಲವನ್ನಾಗಲಿ ಗ್ರಂಥಗಳ ಪಾಠಾಂತರಗಳನ್ನಾಗಲಿ ನಿರ್ಣಯಿಸುವವರಿಗೆ ಈ ಭೇದವು ಹೊಸದಲ್ಲ. ಆದರೆ ಸಾಕ್ಷಿ ಹೇಳಬೇಕಾದವರೆಲ್ಲರೂ ಒಂದೇ ಕ್ಷಣದಲ್ಲಿ ಮಡಿದು, ಮುರಿದ ಯಂತ್ರವೂ ಕೆಲವು ಕಾಗದಪತ್ರಗಳೂ ಮಾತ್ರವೇ ಉಳಿದಾಗ ಈ ತೂಗುವ ಕೆಲಸವು ಎಷ್ಟು ಕಠಿನವಾಗುವುದೆಂಬುದಕ್ಕೆ, ಅಮೆರಿಕಾ ಸಂಯುಕ್ತ ಸಂಸ್ಥಾನದ ಅಯೋವಾ ಪ್ರಾಂತ್ಯದಲ್ಲಿ ೧೯೫೯ನೆಯ ಇಸವಿ ಫೆಬ್ರವರಿ ೩ರಂದು ನಡುರಾತ್ರಿ ಕಳೆದ ಮೇಲೆ ನಡೆದ ಒಂದು ಸಣ್ಣ ವಿಮಾನದ ಪಾತವು ಒಳ್ಳೆಯ ನಿದರ್ಶನವಾಗಿದೆ.

ಆ ವಿಮಾನದಲ್ಲಿ ನಾಲ್ವರಿದ್ದರು. ‘ರಾಕ್ ಅಂಡ್ ರೋಲ್’ ಎಂಬ ಹೊಸ ಬಗೆಯ ಸಂಗೀತದಲ್ಲಿ ಪ್ರಸಿದ್ಧರಾಗಿದ್ದ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ‘ಬಿಗ್ ಬಾಪರ್’ ಎಂಬ ಹೆಸರಿನಿಂದ ಹಾಡುತ್ತಿದ್ದ ಜೆ. ಪಿ. ರಿಚರ್ಡ್‌ಸನ್ ಎಂಬವರು ಪ್ರಯಾಣಿಕರು. ರಾಜರ್ ಪೀಟರ್ಸನ್ ಎಂಬವನು ಚಾಲಕನು. ಹಾಲಿಗೆ ಆಗ ೨೨ ವರ್ಷ, ವ್ಯಾಲೆನ್ಸಿಗೆ ೧೭, ರಿಚರ್ಡ್‌ಸನ್ನನಿಗೆ ೨೮, ಚಾಲಕನಿಗೆ ೨೧. ಹಾಡುಗಾರರನ್ನು ಕುರಿತು ಬರೆದವರು ಅನೇಕರು. ಚಾಲಕನನ್ನು ಕುರಿತು ಲೋಕಕ್ಕೆ ತಿಳಿದಿರುವುದು ಬಹುಮಟ್ಟಿಗೆ ಒಂದೇ ಮಾತು: ತಪ್ಪು ಅವನದು. ಈ ಮಾತು ಎಷ್ಟರಮಟ್ಟಿಗೆ ಸಿದ್ಧವಾದುದು, ಎಷ್ಟರಮಟ್ಟಿಗೆ ಊಹೆ, ಅವನ ತಪ್ಪಿನಲ್ಲಿ ಇತರರ ಪಾಲೆಷ್ಟು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಆರೋಪಕ್ಕೆ ಗುರಿಯಾದವನು ಮರುಮಾತು ಹೇಳಲಾರದವನಾದುದರಿಂದ ಈ ಪರಿಶೀಲನೆಯು ಅವಶ್ಯವಾದುದು.

೨. ಘಟನೆ

ಹಾಡುಗಾರರ ಸಂಚಾರವು ಜನವರಿ ೨೩ರಂದು ಮಿಲ್ವಾಕಿ ನಗರದಲ್ಲಿ ಆರಂಭವಾಗಿತ್ತು. ಉತ್ತರದ ಪ್ರಾಂತ್ಯಗಳಲ್ಲಿ ಅದು ಕಡುಚಳಿಯ ಕಾಲ. ಅವರು ಪ್ರಯಾಣಮಾಡುತ್ತಿದ್ದ ಬಸ್ಸಿನಲ್ಲಿ ಶಾಖೋಪಕರಣವು ಕೆಟ್ಟಿತ್ತು. ಮೇಳದ ತಾಳವಾದ್ಯಗಾರನಿಗೆ ಹಿಮದಿಂದ ಪಾದಗಳು ಮರಗಟ್ಟಿ, ಅವನು ಆಸ್ಪತ್ರೆಯನ್ನು ಸೇರಬೇಕಾಯಿತು. ಫೆಬ್ರವರಿ ೨ರ ರಾತ್ರಿ ಅಯೋವಾದ ಕ್ಲಿಯರ್ ಲೇಕ್ ಎಂಬ ಊರಿನ ಸರ್ಫ್ ಬಾಲ್‌ರೂಮಿನಲ್ಲಿ ಕಛೇರಿ. ಮರುದಿನ ಮಿನೆಸೋಟಾ ಪ್ರಾಂತ್ಯದ ಮೂರ್‌ಹೆಡ್ಡಿನಲ್ಲಿ. ಮತ್ತೊಂದು ರಾತ್ರಿಯನ್ನು ಆ ಬಸ್ಸಿನಲ್ಲಿ ಕಳೆಯಲು ಮನಸ್ಸಿಲ್ಲದೆ ಹಾಲಿಯು ಸಮೀಪದ ಮೇಸನ್ ಸಿಟಿಯ ವಿಮಾನನಿಲ್ದಾಣದಿಂದ ಬಾಡಿಗೆಯ ವಿಮಾನವೊಂದನ್ನು ಗೊತ್ತುಮಾಡಿಸಿದನು. ಆಳೊಂದಕ್ಕೆ ೩೬ ಡಾಲರು. ಇಳಿಯಬೇಕಾದುದು ಮೂರ್‌ಹೆಡ್ಡಿಗೆ ಎದುರು ದಡದಲ್ಲಿರುವ ಫಾರ್ಗೊ ನಗರದಲ್ಲಿ. ಹಾಲಿಯ ಜೊತೆಯ ವಾದ್ಯಗಾರರಿಬ್ಬರಿಗೆಂದು ಇಟ್ಟಿದ್ದ ಸ್ಥಾನಗಳು ಕಡೆಗಳಿಗೆಯಲ್ಲಿ ಕೈಬದಲಾದುವು: ವೇಲನ್ ಜೆನಿಂಗ್ಸನು ಜ್ವರದಿಂದಿದ್ದ ರಿಚರ್ಡ್‌ಸನ್ನನಿಗೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟನು; ಟಾಮಿ ಆಲ್ಸಪ್ಪನು ನಾಣ್ಯವನ್ನು ಚಿಮ್ಮಿ ನೋಡಿದ ಪಂದ್ಯದಲ್ಲಿ ವ್ಯಾಲೆನ್ಸಿಗೆ ಸೋತನು.

ವಿಮಾನವು ೧೯೪೭ರಲ್ಲಿ ತಯಾರಾದ ಬೀಚ್‌ಕ್ರಾಫ್ಟ್ ಬೊನಾನ್ಜಾ. ಒಂದೇ ಎಂಜಿನು, ನಾಲ್ಕು ಆಸನಗಳು. ಫೆಬ್ರವರಿ ೩ರ ಬೆಳಗಿನ ಜಾವ ೧೨ ಗಂಟೆ ೫೫ ನಿಮಿಷದ ಸುಮಾರಿಗೆ ಅದು ದಕ್ಷಿಣಾಭಿಮುಖವಾಗಿ ನೆಲವನ್ನು ಬಿಟ್ಟು, ಎಡಕ್ಕೆ ತಿರುಗಿ, ಸುಮಾರು ೮೦೦ ಅಡಿ ಎತ್ತರವನ್ನು ಸೇರಿ ವಾಯವ್ಯ ದಿಕ್ಕನ್ನು ಹಿಡಿಯಿತು. ವಿಮಾನದ ಒಡೆಯನು ನಿಲ್ದಾಣದ ಗೋಪುರದ ಜಗಲಿಯಲ್ಲಿ ನಿಂತು ಅದರ ಬಾಲದ ದೀಪವನ್ನು ನೋಡುತ್ತಲಿದ್ದನು. ಸುಮಾರು ಐದು ಮೈಲಿ ದೂರದಲ್ಲಿ ಆ ದೀಪವು ಮೆಲ್ಲಮೆಲ್ಲನೆ ಕೆಳಗಿಳಿಯುತ್ತ ಕಣ್ಮರೆಯಾಯಿತು. ಹಾರಿದ ಮೇಲೆ ರೇಡಿಯೊ ಮೂಲಕ ತನ್ನ ಮಾರ್ಗವಿವರವನ್ನು ತಿಳಿಸುವುದಾಗಿ ಪೀಟರ್ಸನ್ನನು ಹೇಳಿದ್ದನು. ಆ ಕರೆ ಬರಲೇ ಇಲ್ಲ. ನಿಲ್ದಾಣದಿಂದ ಅನೇಕಾವೃತ್ತಿ ಕರೆದರೂ ಉತ್ತರವಿಲ್ಲ. ಬೆಳಗ್ಗೆ ಒಡೆಯನೇ ಮತ್ತೊಂದು ವಿಮಾನದಲ್ಲಿ ಹುಡುಕಹೊರಟು, ನಿಲ್ದಾಣದಿಂದ ಐದು ಮೈಲಿ ವಾಯವ್ಯದಲ್ಲಿ ಹಿಮ ಮುಸುಕಿದ ಹೊಲವೊಂದರಲ್ಲಿ ಒಡೆದ ವಿಮಾನವನ್ನು ಕಂಡನು. ಯಾರೂ ಉಳಿದಿರಲಿಲ್ಲ.

೩. ನೆಲವು ಹೇಳಿದ ಸಾಕ್ಷ್ಯ

ವಿಚಾರಣೆಯನ್ನು ನಡೆಸಿದುದು ಆ ದೇಶದ ನಾಗರಿಕ ವಿಮಾನಯಾನ ಮಂಡಲಿ. ಮಂಡಲಿಯ ವರದಿಯು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಅದರಲ್ಲಿ ಮೂರು ಬಗೆಯ ಸಾಮಗ್ರಿಗಳು ಕಲೆತಿವೆ: ನೆಲದ ಮೇಲೆ ದೊರೆತ ವಸ್ತುಗಳು, ಬರೆಹದಲ್ಲಿ ಉಳಿದ ದಾಖಲೆಗಳು, ಇವೆರಡರಿಂದ ಹೊರಟ ಅನುಮಾನಗಳು. ಇವುಗಳನ್ನು ಬೇರ್ಪಡಿಸಿ ನೋಡದೆ ಒಟ್ಟಾಗಿ ಓದಿದರೆ ಅನುಮಾನಕ್ಕೂ ಪ್ರತ್ಯಕ್ಷದ ಗೌರವವು ಸಲ್ಲುವ ಅಪಾಯವುಂಟು.

ಪ್ರತ್ಯಕ್ಷ ವಸ್ತುಗಳಿಂದ ತಿಳಿಯುವುದಿಷ್ಟು. ಮೊದಲು ನೆಲಕ್ಕೆ ತಗುಲಿದುದು ಬಲರೆಕ್ಕೆಯ ತುದಿ. ಅಲ್ಲಿಂದ ೫೪೦ ಅಡಿಗಳವರೆಗೆ ಚೂರುಗಳು ಚೆಲ್ಲಿದ್ದುವು. ಒಡಲು ಮುಳ್ಳುತಂತಿಯ ಬೇಲಿಗೆ ತಗುಲಿ ನಿಂತಿತ್ತು. ವೇಗಮಾಪಕದ ಮುಳ್ಳು ಗಂಟೆಗೆ ೧೬೫ರಿಂದ ೧೭೦ ಮೈಲಿಗಳ ನಡುವೆ ಸಿಕ್ಕಿಕೊಂಡಿತ್ತು. ಏರಿಳಿತವನ್ನು ತೋರಿಸುವ ಮಾಪಕವು ನಿಮಿಷಕ್ಕೆ ೩೦೦೦ ಅಡಿಯ ಇಳಿತದಲ್ಲಿ ನಿಂತಿತ್ತು. ನಿಲುವನ್ನು ತೋರಿಸುವ ಉಪಕರಣವು ವಿಮಾನವು ಬಲಕ್ಕೆ ೯೦ ಅಂಶ ಓರೆಯಾಗಿ ಮೂತಿ ತಗ್ಗಿಸಿದ ಸ್ಥಿತಿಯಲ್ಲಿ ಸೆಟೆದಿತ್ತು. ಗಾಲಿಗಳು ಒಳಕ್ಕೆ ಮಡಿಸಿಕೊಂಡಿದ್ದುವು. ಎಂಜಿನು ತಾಕಿದ ಗಳಿಗೆಯಲ್ಲಿ ಶಕ್ತಿಯಿಂದ ನಡೆಯುತ್ತಿತ್ತೆಂಬುದಕ್ಕೆ ಗುರುತುಗಳಿದ್ದುವು. ವಿಮಾನದ ಭಾಗಗಳೆಲ್ಲವೂ ಅಲ್ಲಿಯೇ ದೊರೆತುದರಿಂದ ಯಾವ ಅಂಗವೂ ಆಕಾಶದಲ್ಲಿ ಕಳಚಿಬಿದ್ದಿರಲಿಲ್ಲವೆಂದೂ ಸ್ಪಷ್ಟವಾಯಿತು.

ಇಷ್ಟರಿಂದಲೇ ಕೆಲವು ಕಾರಣಗಳು ದೂರವಾಗುತ್ತವೆ. ಎಂಜಿನು ನಿಂತು ವಿಮಾನವು ತೇಲುತ್ತ ಇಳಿಯಲಿಲ್ಲ. ರೆಕ್ಕೆಯಾಗಲಿ ಬಾಲವಾಗಲಿ ಮುರಿದು ಬೀಳಲಿಲ್ಲ. ಚಾಲಕನು ಹೊಲದಲ್ಲಿ ಇಳಿಸಲು ಯತ್ನಿಸಿದ ಗುರುತೂ ಇಲ್ಲ. ನಡೆಯುತ್ತಿದ್ದ ಎಂಜಿನಿನೊಡನೆ, ಬಲಕ್ಕೆ ವಾಲಿ, ತಿರುಗುತ್ತ, ವೇಗವನ್ನು ಕೂಡಿಸಿಕೊಳ್ಳುತ್ತ ಅದು ನೆಲಕ್ಕೆ ಬಂದಿತು. ಇದು ತನ್ನ ನಿಲುವು ತನಗೆ ತಿಳಿಯದ ಚಾಲಕನ ಕೈಯಲ್ಲಿ ವಿಮಾನವು ಹಿಡಿಯುವ ಮಾರ್ಗ.

೪. ದಿಗಂತವಿಲ್ಲದ ಹಾರಾಟ

ಮೇಲಣ ಮಾತಿಗೆ ವಿವರಣೆ ಬೇಕು. ಮನುಷ್ಯನು ನೆಟ್ಟಗಿರುವುದನ್ನೂ ಓರೆಯಾಗಿರುವುದನ್ನೂ ಅರಿಯುವುದು ಮುಖ್ಯವಾಗಿ ಕಣ್ಣಿನಿಂದ. ಅದಕ್ಕೆ ಸಹಾಯವಾಗಿ ಒಳಕಿವಿಯ ಸುರುಳಿನಾಳಗಳಲ್ಲಿರುವ ದ್ರವದಿಂದ. ಈ ದ್ರವವು ತಿರುವಿನ ಆರಂಭವನ್ನು ತಿಳಿಸಬಲ್ಲುದೇ ಹೊರತು, ಒಂದೇ ಸಮನಾಗಿ ನಡೆಯುವ ತಿರುವನ್ನು ತಿಳಿಸಲಾರದು. ಬಹು ನಿಧಾನವಾಗಿ ಮೊದಲಾದ ತಿರುವನ್ನಂತೂ ಅರಿಯುವುದೇ ಇಲ್ಲ. ಹೀಗಾಗಿ ಕಣ್ಣಿಗೆ ದಿಗಂತವು ಕಾಣದಾಗ, ವಿಮಾನವು ಓರೆಯಾಗಿ ತಿರುಗುತ್ತಿದ್ದರೂ ಒಳಗಿರುವವನಿಗೆ ಅದು ನೇರವಾಗಿ ಹೋಗುತ್ತಿರುವಂತೆಯೇ ತೋರುವುದು. ಓರೆಯಾದ ವಿಮಾನವು ಎತ್ತರವನ್ನು ಕಳೆದುಕೊಳ್ಳುತ್ತದೆ. ಎತ್ತರ ಇಳಿದುದನ್ನು ಕಂಡ ಚಾಲಕನು ಓರೆಯನ್ನು ಸರಿಪಡಿಸದೆ ಮೂತಿಯನ್ನು ಮೇಲೆಳೆದರೆ ಸುರುಳಿಯು ಮತ್ತಷ್ಟು ಬಿಗಿಯುವುದು.

ಇದರಿಂದ ಪಾರಾಗುವ ಉಪಾಯವು ಆ ವೇಳೆಗೆ ಹೊಸದಾಗಿರಲಿಲ್ಲ. ಬುಗುರಿಯು ತಿರುಗುವವರೆಗೂ ತನ್ನ ಅಕ್ಷವನ್ನು ಬಿಡದೆಂಬ ತತ್ತ್ವವನ್ನು ಅವಲಂಬಿಸಿ ಸ್ಪೆರಿ ಎಂಬ ಯಂತ್ರಜ್ಞನ ಸಂಸ್ಥೆಯು ಕೃತಕ ದಿಗಂತವನ್ನು ನಿರ್ಮಿಸಿತ್ತು. ೧೯೨೯ರ ಸೆಪ್ಟೆಂಬರ್ ೨೪ರಂದು ಜೇಮ್ಸ್ ಡೂಲಿಟಲ್ಲನು ಮುಸುಕು ಹಾಕಿದ ಆಸನದಲ್ಲಿ ಕುಳಿತು ಕೇವಲ ಉಪಕರಣಗಳನ್ನು ನೋಡಿಯೇ ವಿಮಾನವನ್ನು ಏರಿಸಿ, ಹಾರಿಸಿ, ಇಳಿಸಿ ತೋರಿಸಿದ್ದನು. ಅಂದಿನಿಂದ ವಿಮಾನವಿದ್ಯೆಯು ಎರಡು ಕವಲಾಯಿತು: ಕಣ್ಣಿನಿಂದ ನೋಡಿ ಹಾರುವುದು ಒಂದು, ಉಪಕರಣವನ್ನು ನಂಬಿ ಹಾರುವುದು ಇನ್ನೊಂದು. ಎರಡನೆಯದಕ್ಕೆ ಪ್ರತ್ಯೇಕ ಶಿಕ್ಷಣವೂ ಪ್ರತ್ಯೇಕ ಅನುಮತಿಪತ್ರವೂ ಬೇಕು.

ಕಣ್ಣಿನ ಅಭ್ಯಾಸವೊಂದೇ ಇರುವವನು ಮುಸುಕಿನೊಳಗೆ ಎಷ್ಟು ಹೊತ್ತು ಉಳಿಯಬಲ್ಲನೆಂಬುದನ್ನು ಇಲಿನಾಯ್ ವಿಶ್ವವಿದ್ಯಾನಿಲಯದವರು ೧೯೫೪ರಲ್ಲಿ ಪರೀಕ್ಷಿಸಿದ್ದರು. ಉಪಕರಣಶಿಕ್ಷಣವಿಲ್ಲದ ೨೦ ಮಂದಿ ಚಾಲಕರನ್ನು ಹೊರಗಣ ದೃಶ್ಯವು ಕಾಣದಂತೆ ಮಾಡಿ ಹಾರಿಸಲಾಗಿ, ಎಲ್ಲರೂ ವಿಮಾನದ ಮೇಲಿನ ಹಿಡಿತವನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲವು ಸರಾಸರಿಯಲ್ಲಿ ೧೭೮ ಸೆಕೆಂಡುಗಳು. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಪರಿಣಾಮವಾದುದು ಮೇಲೆ ಹೇಳಿದ ಸುರುಳಿಯ ಇಳಿತವೇ. ಆ ಪ್ರಯೋಗಕ್ಕೆ ಬಳಸಿದ ವಿಮಾನವೂ ಬೊನಾನ್ಜಾ ಜಾತಿಯದೇ ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ. ಗಾಳಿಯನ್ನು ಸುಲಭವಾಗಿ ಸೀಳುವ ನಯವಾದ ಮೈಯುಳ್ಳ ಆ ವಿಮಾನವು ಮೂತಿ ತಗ್ಗಿದೊಡನೆ ಬಹು ಬೇಗ ವೇಗವನ್ನು ಪಡೆಯುತ್ತದೆ.

ಆದರೆ ಈ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಪೀಟರ್ಸನ್ನನು ಶಿಕ್ಷಣವೇ ಇಲ್ಲದವನಲ್ಲ. ಅವನು ಒಟ್ಟು ೭೧೧ ಗಂಟೆಗಳ ಕಾಲ ಹಾರಿದ್ದನು. ಅದರಲ್ಲಿ ೧೨೮ ಗಂಟೆಗಳು ಬೊನಾನ್ಜಾದಲ್ಲಿಯೇ. ಉಪಕರಣಗಳನ್ನು ನೋಡಿ ಹಾರುವ ಶಿಕ್ಷಣವನ್ನು ೫೨ ಗಂಟೆಗಳಷ್ಟು ಪಡೆದಿದ್ದನು. ಅದರ ಬರೆಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದನು. ಹಾರಾಟದ ಪರೀಕ್ಷೆಯಲ್ಲಿ ಮಾತ್ರ ೧೯೫೮ರ ಮಾರ್ಚಿಯಲ್ಲಿ ಅನುತ್ತೀರ್ಣನಾಗಿದ್ದನು. ಅವನ ಬಲಗಿವಿಯಲ್ಲಿ ಶ್ರವಣದೋಷವಿದ್ದುದೂ ಅದಕ್ಕೆ ಅಧಿಕಾರಿಗಳು ವಿನಾಯಿತಿ ಕೊಟ್ಟಿದ್ದುದೂ ದಾಖಲೆಯಲ್ಲಿದೆ. ಆದರೆ ಶ್ರವಣದೋಷವಿದ್ದ ಮಾತ್ರಕ್ಕೆ ಸಮತೋಲದ ದೋಷವೂ ಇತ್ತೆಂದು ಹೇಳುವುದು ಪ್ರಮಾಣವನ್ನು ಮೀರಿದ ಮಾತು. ದಾಖಲೆಯಿಂದ ಸಿದ್ಧವಾಗುವುದಿಷ್ಟೇ: ಅವನಿಗೆ ವಿದ್ಯೆಯು ಅರ್ಧ ಬಂದಿತ್ತು, ಅನುಮತಿ ಇರಲಿಲ್ಲ. ಅವನು ಕೆಲಸಮಾಡುತ್ತಿದ್ದ ಸಂಸ್ಥೆಗೂ ಹಗಲಾಗಲಿ ರಾತ್ರಿಯಾಗಲಿ ಕಣ್ಣಿನಿಂದ ನೋಡಿ ಹಾರುವುದಕ್ಕೆ ಮಾತ್ರವೇ ಅನುಮತಿ ಇದ್ದಿತು.

೫. ತಿಳಿಸದೆ ಹೋದ ಎಚ್ಚರಿಕೆಗಳು

ಹಾಗಾದರೆ ಅವನು ಹೊರಟುದೇಕೆ? ಸಂಜೆ ಐದೂವರೆ ಗಂಟೆಗೇ ಅವನು ನಿಲ್ದಾಣದ ವಾರ್ತಾಕೇಂದ್ರದಲ್ಲಿ ಮಾರ್ಗದ ಹವೆಯನ್ನು ವಿಚಾರಿಸಿದ್ದನು. ಮಾರ್ಗದುದ್ದಕ್ಕೂ ಮೋಡಗಳು ೫೦೦೦ ಅಡಿಗೆ ಕಡಮೆಯಿಲ್ಲದ ಎತ್ತರದಲ್ಲಿವೆ, ೧೦ ಮೈಲಿಗೆ ಕಡಮೆಯಿಲ್ಲದಷ್ಟು ದೂರ ಕಣ್ಣು ಹರಿಯುವುದು ಎಂದು ಉತ್ತರ ಬಂದಿತು. ಫಾರ್ಗೊವಿನಲ್ಲಿ ರಾತ್ರಿ ಎರಡು ಗಂಟೆಯ ಮೇಲೆ ಲಘುವಾಗಿ ಹಿಮ ಬೀಳುವುದೆಂದೂ ನಾಲ್ಕರ ಸುಮಾರಿಗೆ ಶೀತವಾಯುವಿನ ಮುಂಚೂಣಿಯು ಹಾಯುವುದೆಂದೂ ಮುನ್ಸೂಚನೆ ಇದ್ದಿತು. ರಾತ್ರಿ ಮತ್ತೆರಡು ಸಲ ಕೇಳಿದನು. ನಡುರಾತ್ರಿಗೆ ಸ್ವಲ್ಪ ಮುಂಚೆ ಒಡೆಯನೊಡನೆ ತಾನೇ ಕೇಂದ್ರಕ್ಕೆ ಹೋಗಿ ವಿಚಾರಿಸಿದನು. ವಿಮಾನವನ್ನು ಓಡುದಾರಿಯ ತುದಿಗೆ ಒಯ್ಯುತ್ತಿದ್ದಾಗ ಕೊನೆಯ ಸಲ ರೇಡಿಯೊವಿನಲ್ಲಿ ಕೇಳಿದನು. ಆಗ ಮೇಸನ್ ಸಿಟಿಯಲ್ಲಿ ಲಘುವಾದ ಹಿಮಪಾತ, ಮೇಲ್ಮಿತಿ ೩೦೦೦ ಅಡಿ, ದೃಷ್ಟಿಗೋಚರತೆ ೬ ಮೈಲಿ, ದಕ್ಷಿಣದಿಂದ ೨೦ ನಾಟು ವೇಗದ ಗಾಳಿ, ನಡುನಡುವೆ ೩೦ ನಾಟಿನ ಬೀಸು. ಗಳಿಗೆಗಳಿಗೆಗೂ ಮೇಲ್ಮಿತಿಯು ತಗ್ಗುತ್ತಿದ್ದಿತು, ವಾಯುಭಾರವೂ ಇಳಿಯುತ್ತಿದ್ದಿತು. ಆದರೂ ಈ ಅಂಕಿಗಳು ಕಣ್ಣಿನ ಹಾರಾಟವನ್ನು ನಿಷೇಧಿಸುವ ಮಿತಿಗೆ ಇಳಿದಿರಲಿಲ್ಲ. ಹವೆಯನ್ನು ವಿಚಾರಿಸದೆ ಹೊರಟ ದುಡುಕಿನವನೆಂದು ಅವನನ್ನು ಚಿತ್ರಿಸುವುದು ದಾಖಲೆಗೆ ವಿರುದ್ಧ.

ಆದರೆ ಆ ಕೇಂದ್ರದಲ್ಲಿ ಆಗಲೇ ಎರಡು ವಿಶೇಷ ಎಚ್ಚರಿಕೆಗಳಿದ್ದುವು. ರಾತ್ರಿ ೧೧-೩೫ಕ್ಕೆ ಮಿನಿಯಾಪೊಲಿಸ್ಸಿನಿಂದ ಹೊರಟ ಮೊದಲನೆಯದು, ಸುಮಾರು ೧೦೦ ಮೈಲಿ ಅಗಲದ ಹಿಮದ ಪಟ್ಟಿಯೊಂದು ಆಗ್ನೇಯಾಭಿಮುಖವಾಗಿ ಸಾಗಿಬರುತ್ತಿದೆಯೆಂದೂ ಅದರೊಳಗೆ ದೃಷ್ಟಿಯು ೨ ಮೈಲಿಗಿಂತ ಕಡಮೆಯೆಂದೂ ತಿಳಿಸಿತ್ತು. ೧೨-೧೫ಕ್ಕೆ ಕಾನ್ಸಾಸ್ ಸಿಟಿಯಿಂದ ಹೊರಟ ಎರಡನೆಯದು, ಅಯೋವಾದ ಬಹುಭಾಗವನ್ನೂ ಒಳಗೊಂಡಂತೆ ಕೆಲವು ಪ್ರಾಂತ್ಯಗಳ ಮೇಲೆ ೧೦,೦೦೦ ಅಡಿಗೆ ಕೆಳಗಣ ಮೋಡಗಳಲ್ಲಿ ವಿಮಾನದ ಮೈಗೆ ಹಿಮಗಡ್ಡೆ ಕಟ್ಟುವ ಸಂಭವವನ್ನು ತಿಳಿಸಿತ್ತು. ಈ ಎರಡನ್ನೂ ವಾರ್ತಾಕೇಂದ್ರದವರು ಪೀಟರ್ಸನ್ನನ ಗಮನಕ್ಕೆ ತರಲಿಲ್ಲ. ಊರೂರಿನ ಅಂಕಿಗಳನ್ನು ಓದಿ ಹೇಳಿದರೇ ಹೊರತು ಅವುಗಳ ಮೇಲೆ ಕವಿಯುತ್ತಿದ್ದ ಒಟ್ಟು ಸ್ಥಿತಿಯನ್ನು ಹೇಳಲಿಲ್ಲ.

ಈ ಲೋಪವನ್ನು ಕಾರಣಗಳಲ್ಲಿ ಎಲ್ಲಿ ಇಡಬೇಕು? ಇಲ್ಲಿ ಸೂಕ್ಷ್ಮವಾದ ಒಂದು ವಿವೇಚನೆ ಅವಶ್ಯ. ವಿಮಾನವು ಬಿದ್ದುದು ಎಚ್ಚರಿಕೆಯಲ್ಲಿ ಹೇಳಿದ್ದ ಹಿಮಪಟ್ಟಿಯಲ್ಲಲ್ಲ; ಅದು ಇನ್ನೂ ಬಹು ದೂರದಲ್ಲಿದ್ದಿತು. ಮೈಗೆ ಹಿಮ ಕಟ್ಟಿ ಬಿದ್ದಿತೆನ್ನುವುದಕ್ಕೆ ಕೆಲವೇ ನಿಮಿಷಗಳ ಆ ಹಾರಾಟವು ಅನುಕೂಲವಾದುದಲ್ಲ. ಆದುದರಿಂದ ಪತನದ ಸಾಕ್ಷಾತ್ಕಾರಣದಲ್ಲಿ ಈ ಎಚ್ಚರಿಕೆಗಳಿಗೆ ಸ್ಥಾನವಿಲ್ಲ. ಆದರೆ ಹೊರಡುವ ನಿರ್ಧಾರದಲ್ಲಿ ಅವುಗಳಿಗೆ ಪ್ರಧಾನವಾದ ಸ್ಥಾನವುಂಟು. ಮುಂದೆ ದಾರಿ ಮುಚ್ಚಿದೆಯೆಂದು ತಿಳಿದಿದ್ದರೆ ಅವನು ಹೊರಡದಿರಬಹುದಾಗಿತ್ತು. ತಿಳಿಯದುದರಿಂದ ಹೊರಟನು, ಹೊರಟುದರಿಂದ, ಯಾವ ಮುನ್ಸೂಚನೆಯೂ ಹೆಸರಿಸದಿದ್ದ ಮತ್ತೊಂದು ಅಪಾಯದಲ್ಲಿ ಸಿಕ್ಕಿದನು.

ಆ ಅಪಾಯವು ಬರಿಯ ಕತ್ತಲೆ. ಮೇಸನ್ ಸಿಟಿಯ ವಾಯವ್ಯಕ್ಕೆ ವಿರಳವಾದ ಒಕ್ಕಲುಮನೆಗಳ ಬಯಲುನಾಡು. ನೆಲದಲ್ಲಿ ದೀಪವಿಲ್ಲ, ಮೇಲೆ ಮುಚ್ಚಿದ ಆಕಾಶ, ನಡುವೆ ಉದುರುವ ಹಿಮ, ಕೆಳಗೆ ಹಿಮ ಮುಸುಕಿದ ಹೊಲ. ‘ಆರು ಮೈಲಿ ಕಾಣುತ್ತದೆ’ ಎಂಬ ದಾಖಲೆ ಸುಳ್ಳಲ್ಲ. ಗೋಪುರದ ಮೇಲಿದ್ದ ಒಡೆಯನಿಗೆ ಐದು ಮೈಲಿ ದೂರದ ಬಾಲದೀಪವು ಕಂಡಿತಷ್ಟೆ. ಅವನಿಗೆ ಕಾಣಲು ಒಂದು ದೀಪವಿದ್ದಿತು. ಚಾಲಕನ ಎದುರಿಗೆ ಯಾವ ದೀಪವೂ ಇರಲಿಲ್ಲ. ಊರಿನ ಬೆಳಕನ್ನು ಬೆನ್ನಿಗೆ ಹಾಕಿ ತಿರುಗಿದೊಡನೆ ಅವನ ಪಾಲಿಗೆ ದಿಗಂತವೆಂಬುದು ಇಲ್ಲವಾಯಿತು. ಅಂಕಿಗಳು ಕಣ್ಣಿನ ಹಾರಾಟವೆಂದು ಹೇಳುತ್ತಿದ್ದ ರಾತ್ರಿಯಲ್ಲಿ ಉಪಕರಣದ ಹಾರಾಟವು ಅವನಿಗೆ ಅನಿವಾರ್ಯವಾಗಿ ಒದಗಿತು.

೬. ವಿಪರೀತವಾಗಿ ತಿರುಗುವ ಗೋಲ

ಹಾಗೆ ಒದಗಿದಾಗ ಅವನ ಎದುರಿಗಿದ್ದ ಉಪಕರಣವಾದರೂ ಅವನಿಗೆ ಪರಿಚಿತವಾಗಿದ್ದಿತೇ? ಅವನು ಕಲಿತ ವಿಮಾನಗಳಲ್ಲೆಲ್ಲ ಇದ್ದುದು ರೂಢಿಯ ಕೃತಕ ದಿಗಂತ: ದಿಗಂತವನ್ನು ಸೂಚಿಸುವ ಒಂದು ಅಡ್ಡಪಟ್ಟಿ, ಅದರ ಎದುರಿಗೆ ಹಿಂದಿನಿಂದ ನೋಡಿದಂತೆ ತೋರುವ ಒಂದು ಪುಟ್ಟ ವಿಮಾನದ ಆಕೃತಿ. ಈ ಬೊನಾನ್ಜಾದಲ್ಲಿದ್ದುದು ಸ್ಪೆರಿ ಎಫ್-೩ ಎಂಬ ಬೇರೆ ಮಾದರಿ. ಅದರಲ್ಲಿ ಅಡ್ಡಪಟ್ಟಿಗೆ ಬದಲಾಗಿ ಒಂದು ಗೋಲವು ವಿಮಾನದ ಆಕೃತಿಯ ಹಿಂದೆ ತೇಲುತ್ತಿರುತ್ತದೆ. ಮೂತಿಯ ಏರಿಳಿತವನ್ನು ಈ ಗೋಲವು ತೋರಿಸುವ ಕ್ರಮವು ರೂಢಿಯ ಕ್ರಮಕ್ಕೆ ನೇರವಾಗಿ ವಿಪರೀತ. ಒಂದು ಲಿಪಿಯಲ್ಲಿ ದೀರ್ಘದ ಚಿಹ್ನೆಯಾದುದು ಇನ್ನೊಂದರಲ್ಲಿ ಹ್ರಸ್ವದ ಚಿಹ್ನೆಯಾಗಿದ್ದರೆ ಓದುವವನಿಗೆ ಆಗುವ ಭ್ರಮೆಯೇ ಇಲ್ಲಿಯೂ ಸಂಭವ. ಆದರೆ ಓದುವವನಿಗೆ ತಿದ್ದಿಕೊಳ್ಳಲು ಹೊತ್ತಿರುತ್ತದೆ.

ಮಂಡಲಿಯ ಅನುಮಾನವು ಹೀಗೆ ನಡೆಯುತ್ತದೆ. ಬೀಸುಗಾಳಿಯ ಕುಲುಕಾಟದಲ್ಲಿ ಏರಿಳಿತದ ಮಾಪಕವೂ ತಿರುವಿನ ಮಾಪಕವೂ ಸ್ಥಿರವಾಗಿ ನಿಲ್ಲವು. ಅನುಭವ ಸಾಲದವನಿಗೆ ಅವುಗಳನ್ನು ಓದುವುದು ಕಷ್ಟ. ವೇಗ ಮತ್ತು ಎತ್ತರದ ಮಾಪಕಗಳೆರಡೇ ನಿಲುವನ್ನು ತಿಳಿಯಲು ಸಾಲವು. ಸಹಜವಾಗಿಯೇ ಅವನು ಅವುಗಳಿಗಿಂತ ಸ್ಥಿರವಾಗಿರುವ ಗೋಲದ ಉಪಕರಣವನ್ನು ನಂಬಿರಬೇಕು. ಅದನ್ನು ಕಲಿತ ಅಭ್ಯಾಸದಂತೆ ಓದಿ, ತಾನು ಏರುತ್ತ ತಿರುಗುತ್ತಿರುವೆನೆಂದು ಭಾವಿಸಿ, ನಿಜವಾಗಿ ಇಳಿಯುತ್ತ ತಿರುಗುತ್ತಿದ್ದಿರಬಹುದು.

ಈ ಅನುಮಾನವು ಸುಂದರವಾದುದು. ದೊರೆತ ವಸ್ತುಗಳಿಗೆ ಹೊಂದುವುದು. ಬಾಲದೀಪವು ಮೆಲ್ಲಮೆಲ್ಲನೆ ಇಳಿದುದು, ರೇಡಿಯೊವಿನಲ್ಲಿ ಯಾವ ಗಾಬರಿಯ ಕರೆಯೂ ಬಾರದುದು, ಎಂಜಿನಿನ ಶಕ್ತಿಯು ತಗ್ಗದಿದ್ದುದು, ಇವೆಲ್ಲವೂ ತನಗೆ ಕೇಡೊದಗಿದೆಯೆಂದು ಅರಿಯದವನ ನಡತೆಗೆ ಸರಿಹೋಗುತ್ತವೆ. ಆದರೂ ಇದು ಅನುಮಾನವೇ. ಗೋಲವನ್ನು ಸರಿಯಾಗಿ ಓದಿದ್ದರೂ ಅರ್ಧ ಕಲಿತವನು ಕತ್ತಲೆಯಲ್ಲಿ ಸುರುಳಿಗೆ ಬೀಳಬಹುದಾಗಿತ್ತು. ಅಲ್ಲದೆ ಬೊನಾನ್ಜಾದಲ್ಲಿ ಅವನು ೧೨೮ ಗಂಟೆಗಳ ಕಾಲ ಹಾರಿದ್ದುದರಿಂದ ಉಪಕರಣವು ಅವನ ಕಣ್ಣಿಗೆ ತೀರ ಹೊಸದೆಂದು ಹೇಳುವಂತಿಲ್ಲ; ಬೆಳಕಿನಲ್ಲಿ ನೋಡಿದ್ದವನಿಗೆ ಕತ್ತಲೆಯಲ್ಲಿ ಅದನ್ನೇ ನಂಬುವ ಅಭ್ಯಾಸವಿರಲಿಲ್ಲವೆಂದು ಮಾತ್ರ ಹೇಳಬಹುದು.

೭. ಐತಿಹ್ಯಗಳು

ಪ್ರಸಿದ್ಧರ ಮರಣದ ಸುತ್ತ ಕಥೆಗಳು ಬೆಳೆಯುವುದು ಎಲ್ಲ ದೇಶಗಳಲ್ಲಿಯೂ ಇರುವುದೇ. ಆ ವಿಮಾನದ ಹೆಸರು ‘ಅಮೆರಿಕನ್ ಪೈ’ ಎಂದಿದ್ದಿತೆಂಬ ಪ್ರತೀತಿ ಒಂದು. ಅದು ಡಾನ್ ಮೆಕ್ಲೀನನು ಈ ದುರಂತವನ್ನು ನೆನೆದು ೧೯೭೧ರಲ್ಲಿ ಹೊರತಂದ ಹಾಡಿನ ಹೆಸರು. ವಿಮಾನಕ್ಕೆ ನೋಂದಣಿಯ ಸಂಖ್ಯೆಯಲ್ಲದೆ ಹೆಸರೇ ಇರಲಿಲ್ಲ. ಈಚಿನ ಕಾವ್ಯದಿಂದ ಹಿಂದಿನ ಚರಿತ್ರೆಗೆ ಹೆಸರು ಹರಿದುಬಂದುದಕ್ಕೆ ಇದು ಒಳ್ಳೆಯ ಉದಾಹರಣೆ.

ಎರಡನೆಯದು ಇನ್ನೂ ಗಂಭೀರವಾದುದು. ಪತನವಾದ ಎರಡು ತಿಂಗಳ ಮೇಲೆ ಆ ಹೊಲದಲ್ಲಿ ಹಾಲಿಗೆ ಸೇರಿದ ಒಂದು ಕೈಪಿಸ್ತೂಲು ದೊರೆಯಿತು. ಇದರ ಮೇಲೆ, ವಿಮಾನದೊಳಗೆ ಗುಂಡು ಹಾರಿರಬೇಕೆಂಬ ವದಂತಿ ಹಬ್ಬಿತು. ರಿಚರ್ಡ್‌ಸನ್ನನ ದೇಹವು ಬೇಲಿಯಾಚೆಯ ಹೊಲದಲ್ಲಿ ಬಿದ್ದಿದ್ದುದರಿಂದ ಅವನು ಬದುಕುಳಿದು ಸಹಾಯಕ್ಕಾಗಿ ನಡೆದಿರಬೇಕೆಂದೂ ಕೆಲವರು ಹೇಳಿದರು. ೧೯೫೯ರಲ್ಲಿ ಹುಟ್ಟಿದ ಈ ಸಂದೇಹಗಳು ತೀರಿದುದು ೨೦೦೭ರಲ್ಲಿ. ರಿಚರ್ಡ್‌ಸನ್ನನ ಮಗನ ಕೋರಿಕೆಯಂತೆ ದೇಹವನ್ನು ಸಮಾಧಿಯಿಂದ ತೆಗೆಸಿ, ಟೆನೆಸಿಯ ಪ್ರಸಿದ್ಧ ಅಸ್ಥಿಶಾಸ್ತ್ರಜ್ಞ ವಿಲಿಯಂ ಬಾಸ್ ಎಂಬವರು ಕ್ಷಕಿರಣಗಳಿಂದ ಪರೀಕ್ಷಿಸಲಾಗಿ, ಮೈಯಲ್ಲೆಲ್ಲ ಎಲುಬುಗಳು ಮುರಿದಿದ್ದುವು. ಗುಂಡಿನ ಗುರುತು ಎಲ್ಲಿಯೂ ಇರಲಿಲ್ಲ. ಬಿದ್ದ ಕ್ಷಣದಲ್ಲಿಯೇ ಪ್ರಾಣಹೋಗಿತ್ತೆಂದು ನಿಶ್ಚಯವಾಯಿತು. ಪಿಸ್ತೂಲು ಇದ್ದುದು ನಿಜ, ಅದು ಕಾರಣವಾಗಿತ್ತೆಂಬುದು ಸುಳ್ಳು. ಒಂದು ವಸ್ತುವು ಸ್ಥಳದಲ್ಲಿ ದೊರೆತ ಮಾತ್ರಕ್ಕೆ ಅದು ಘಟನೆಗೆ ಸಂಬಂಧಿಸಿದುದಾಗಬೇಕಾಗಿಲ್ಲವೆಂಬುದನ್ನು ಉತ್ಖನನಗಳನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ.

ಆಮೇಲೆ ವಿಮಾನದ ಭಾರ, ಇಂಧನ, ಬಾಲದ ಚುಕ್ಕಾಣಿ ಮೊದಲಾದವುಗಳಲ್ಲಿ ದೋಷವಿದ್ದಿರಬಹುದೆಂದು ವಾದಿಸಿ, ವಿಚಾರಣೆಯನ್ನು ಮತ್ತೆ ತೆರೆಯಬೇಕೆಂದು ೨೦೧೫ರಲ್ಲಿ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯ ಮುಂದೆ ಕೋರಿಕೆ ಬಂದಿತು. ಮೊದಲಿನ ನಿರ್ಣಯವು ಬದಲಾಗದೆ ಉಳಿದಿದೆ.

೮. ಉಪಸಂಹಾರ

ಮಂಡಲಿಯ ನಿರ್ಣಯವನ್ನು ಈಗ ನೋಡಬಹುದು. ಅದಕ್ಕೆ ಮಂಡಲಿಯು ಕೊಟ್ಟ ಹೆಸರು ‘ಸಂಭಾವ್ಯ ಕಾರಣ’; ನಿಶ್ಚಿತ ಕಾರಣವೆಂದಲ್ಲ. ಉಪಕರಣಗಳನ್ನೇ ನಂಬಿ ಹಾರಬೇಕಾಗುವ ಯಾನಕ್ಕೆ, ಅದಕ್ಕೆ ಬೇಕಾದ ಅರ್ಹತೆಯೂ ಅನುಮತಿಯೂ ಇಲ್ಲದ ಚಾಲಕನು ಅವಿವೇಕದಿಂದ ಹೊರಟುದು ಮುಖ್ಯ ಕಾರಣವೆಂದು ಅದು ಹೇಳುತ್ತದೆ. ಹವೆಯನ್ನು ತಿಳಿಸಿದ ಕ್ರಮದಲ್ಲಿದ್ದ ದೊಡ್ಡ ಲೋಪಗಳನ್ನೂ ನಿಲುವನ್ನು ತೋರಿಸುವ ಉಪಕರಣದಲ್ಲಿ ಚಾಲಕನಿಗಿದ್ದ ಅಪರಿಚಯವನ್ನೂ ಸಹಕಾರಿ ಕಾರಣಗಳಾಗಿ ಎಣಿಸುತ್ತದೆ.

ಪ್ರಮಾಣಗಳ ದೃಷ್ಟಿಯಿಂದ ಈ ಮೂರೂ ಸಮಾನವಲ್ಲ. ಅನುಮತಿಯಿಲ್ಲದಿದ್ದುದು ದಾಖಲೆಯಿಂದ ಸಿದ್ಧ. ಎಚ್ಚರಿಕೆಗಳನ್ನು ತಿಳಿಸದಿದ್ದುದೂ ದಾಖಲೆಯಿಂದಲೇ ಸಿದ್ಧ. ಅದರ ಬಲವು ಮೊದಲನೆಯದಕ್ಕಿಂತ ಕಡಮೆಯೇನೂ ಇಲ್ಲ. ಉಪಕರಣವನ್ನು ವಿಪರೀತವಾಗಿ ಓದಿದನೆಂಬುದು ಅನುಮಾನದಿಂದ ಮ��ತ್ರ ತೋರುವುದು. ಲೋಕವು ನೆನಪಿನಲ್ಲಿಟ್ಟುಕೊಂಡುದು ಮೊದಲನೆಯದನ್ನು. ಅದಕ್ಕೆ ಹೇತುವೂ ಉಂಟು: ನಿರ್ಣಯದ ವಾಕ್ಯದಲ್ಲಿ ಅದು ಮೊದಲು ಬಂದಿದೆ, ಮತ್ತು ಅದಕ್ಕೆ ಒಬ್ಬ ಮನುಷ್ಯನ ಹೆಸರಿದೆ. ಕತ್ತಲೆಗೆ ಹೆಸರಿಲ್ಲ, ಓದಿ ಹೇಳದೆ ಬಿಟ್ಟ ಎರಡು ಕಾಗದಗಳಿಗೂ ಹೆಸರಿಲ್ಲ.

ಹೊರಟುದು ಪೀಟರ್ಸನ್ನನ ತಪ್ಪೆಂಬುದನ್ನು ಅಲ್ಲಗಳೆಯಲಾಗದು. ಇಂಥದೇ ತಪ್ಪು ಮುಂದೆಯೂ ನಡೆದಿದೆ. ನಲವತ್ತು ವರ್ಷಗಳ ಮೇಲೆ, ೧೯೯೯ರ ಜುಲೈ ೧೬ರ ರಾತ್ರಿ, ಉಪಕರಣಹಾರಾಟದ ಅನುಮತಿಯಿಲ್ಲದ ಕಿರಿಯ ಜಾನ್ ಎಫ್. ಕೆನಡಿಯು ಮಬ್ಬು ಕವಿದ ಸಮುದ್ರದ ಮೇಲೆ ದಿಗ್ಭ್ರಮೆಗೊಂಡು ತನ್ನ ಸಣ್ಣ ವಿಮಾನದೊಡನೆ ಬಿದ್ದನು. ಅಲ್ಲಿಯೂ ಬಲಗಡೆಗೆ ತಿರುಗುವ ಸುರುಳಿಯೇ. ಆದರೆ ಪೀಟರ್ಸನ್ನನ ತಪ್ಪು ತಿಳಿದೂ ಮಾಡಿದ ಸಾಹಸವಲ್ಲ. ಅವನು ಮತ್ತೆ ಮತ್ತೆ ಕೇಳಿದನು. ಕೇಳಿದುದಕ್ಕೆ ಪೂರ್ತಿಯಾದ ಉತ್ತರವು ಬರಲಿಲ್ಲ. ಬಂದ ಉತ್ತರವನ್ನು ನಂಬಿ ಹೊರಟನು. ಹೀಗೆ ಓದಿದಾಗ ನಿರ್ಣಯದ ಮೂರು ಕಾರಣಗಳು ಒಂದರ ಕೆಳಗೊಂದು ಇಟ್ಟ ಮೂರು ಕಲ್ಲುಗಳಾಗದೆ, ಒಂದರಿಂದ ಒಂದು ಹೊರಟ ಕೊಂಡಿಗಳಾಗುತ್ತವೆ. ಅವುಗಳಲ್ಲಿ ಯಾವುದೊಂದು ಕಳಚಿದ್ದರೂ ಸರಪಳಿಯು ನಿಲ್ಲುತ್ತಿರಲಿಲ್ಲ.

ವಿಮಾನವು ಬಿದ್ದ ಹೊಲದಲ್ಲಿ ೧೯೮೮ರಲ್ಲಿ ಅಭಿಮಾನಿಯೊಬ್ಬನು ಉಕ್ಕಿನ ಒಂದು ಗಿಟಾರನ್ನೂ ಮೂರು ಧ್ವನಿಮುದ್ರಿಕೆಗಳ ಆಕೃತಿಗಳನ್ನೂ ನಿಲ್ಲಿಸಿದನು; ಅವುಗಳಲ್ಲಿದ್ದುದು ಮೂವರು ಹಾಡುಗಾರರ ಹೆಸರುಗಳು. ಚಾಲಕನಿಗಾಗಿ ಅದೇ ಸ್ಥಳದಲ್ಲಿ ಒಂದು ಸ್ಮಾರಕವಾದುದು ೨೦೦೯ರಲ್ಲಿ, ಪತನವಾದ ಐವತ್ತು ವರ್ಷಗಳ ಮೇಲೆ.